ಹಬ್ಬದ ವ್ಯಾಪಾರದಲ್ಲಿ ಗುಣಮಟ್ಟದ ಲೆಕ್ಕ

ವರಮಹಾಲಕ್ಷ್ಮಿ ವ್ರತದಿಂದ ಆರಂಭಗೊಂಡು ಗೌರಿ-ಗಣೇಶ, ನವರಾತ್ರಿ, ಆಯುಧಪೂಜೆಗಳನ್ನು ದಾಟಿ ದೀಪಾವಳಿಯಲ್ಲಿ ಮುಕ್ತಾಯಗೊಳ್ಳುವ ಅವಧಿಯು ಕರ್ನಾಟಕದ ವರ್ತಕ ಸಮುದಾಯದ ಪಾಲಿಗೆ ವರ್ಷದ ಸುಗ್ಗಿಕಾಲವಾಗಿದೆ. ಬಟ್ಟೆ, ಆಭರಣ, ಪಾತ್ರೆ, ಪಾದರಕ್ಷೆ, ಆಟಿಕೆ, ವಿದ್ಯುತ್ ಉಪಕರಣ ಮುಂತಾದ ಅನೇಕ ಸರಕುಗಳ ವರ್ಷದ ವಹಿವಾಟಿನ ಗಣನೀಯ ಭಾಗವು ಈ ದಿನಗಳಲ್ಲೇ ನಡೆಯುತ್ತದೆ. ಆದಕಾರಣ ಈ ಕಾಲದಲ್ಲಿ ಮಾಡಿದ ತಪ್ಪು ನಿರ್ಧಾರದ ಫಲವನ್ನು ಮುಂದಿನ ಯುಗಾದಿಯವರೆಗೂ ಅನುಭವಿಸಬೇಕಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಬ್ಬದ ವ್ಯಾಪಾರವೆಂದರೆ ಸಂಖ್ಯೆಯ ವ್ಯಾಪಾರ ಎಂಬ ಭಾವನೆ ಬಲವಾಗಿ ಬೇರೂರಿದೆ. ಒಂದು ಕೊಂಡರೆ ಎರಡು ಉಚಿತ, ಮೂರು ಸೀರೆಗೆ ಒಂದೇ ಬೆಲೆ ಎಂಬ ಫಲಕಗಳು ಪೇಟೆಯ ಬೀದಿಗಳನ್ನು ತುಂಬುತ್ತವೆ. 2014ರ ಅಕ್ಟೋಬರಿನಲ್ಲಿ ಬೆಂಗಳೂರು ಮೂಲದ ಫ್ಲಿಪ್‌ಕಾರ್ಟ್ ಸಂಸ್ಥೆಯು ಬೃಹತ್ ರಿಯಾಯಿತಿ ಮಾರಾಟವನ್ನು ಆರಂಭಿಸಿದ ಬಳಿಕ, ಆನ್‌ಲೈನ್ ಸಂಸ್ಥೆಗಳ ಹಬ್ಬದ ಮಾರಾಟವು ವಾರ್ಷಿಕ ಪದ್ಧತಿಯಾಗಿ ಬೆಳೆದಿದೆ. ಸಗಟು ಖರೀದಿಯ ಬಲ, ದೊಡ್ಡ ಉಗ್ರಾಣ ಹಾಗೂ ಹೂಡಿಕೆದಾರರ ಬಂಡವಾಳ ಇವು ಮೂರೂ ಇರುವ ಸಂಸ್ಥೆಯೊಡನೆ ತಾಲ್ಲೂಕು ಕೇಂದ್ರದ ಅಂಗಡಿಯೊಂದು ಬೆಲೆ ಇಳಿಸುವ ಪೈಪೋಟಿಗೆ ಇಳಿದರೆ ಗೆಲ್ಲುವುದು ಅಪರೂಪ.

ಹೀಗಿರುವಾಗ ಸಣ್ಣ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಉಳಿದಿರುವ ದೃಢವಾದ ನೆಲೆಯೆಂದರೆ ಗುಣಮಟ್ಟ. ಗ್ರಾಹಕರು ನಾಲ್ಕು ವಸ್ತುಗಳ ಬದಲು ಒಂದೇ ಒಳ್ಳೆಯ ವಸ್ತುವನ್ನು ಕೊಳ್ಳುವಂತಾದರೆ ವ್ಯಾಪಾರ ಕುಗ್ಗುವುದೆಂಬ ಭಯ ಸಹಜವೇ ಆದರೂ ಅದು ಪೂರ್ಣ ಸತ್ಯವಲ್ಲ. ಆದರೆ ಗುಣಮಟ್ಟವು ತಾನಾಗಿಯೇ ಮಾರಾಟವಾಗುವುದೂ ಇಲ್ಲ. ಅದನ್ನು ತೋರಿಸಿಕೊಡಬೇಕು, ಲೆಕ್ಕದ ಮೂಲಕ ಮನವರಿಕೆ ಮಾಡಿಕೊಡಬೇಕು ಹಾಗೂ ಮಾರಾಟದ ನಂತರವೂ ಅದರ ಹೊಣೆ ಹೊರಬೇಕು. ಈ ಮೂರು ಅಂಶಗಳನ್ನು ನಾಡಿನದೇ ಉದಾಹರಣೆಗಳೊಡನೆ ಇಲ್ಲಿ ವಿವೇಚಿಸಲಾಗಿದೆ.

ಗುಣಮಟ್ಟವೆಂದರೆ ದುಬಾರಿ ಎಂದಲ್ಲ

ಹೆಚ್ಚು ಬೆಲೆಯ ವಸ್ತುವೇ ಗುಣಮಟ್ಟದ ವಸ್ತು ಎಂಬ ತಪ್ಪು ತಿಳಿವಳಿಕೆ ಗ್ರಾಹಕರಲ್ಲಿಯೂ ವರ್ತಕರಲ್ಲಿಯೂ ಇದೆ. ವಾಸ್ತವದಲ್ಲಿ ಗುಣಮಟ್ಟವನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬಹುದು. ವಸ್ತುವು ಕೊಂಡ ಉದ್ದೇಶಕ್ಕೆ ತಕ್ಕಂತೆ ಕೆಲಸ ಮಾಡುವುದೇ? ಎಷ್ಟು ಕಾಲ ಬಾಳುವುದು? ಕೆಟ್ಟರೆ ದುರಸ್ತಿ ಮಾಡಬಹುದೇ? ಬಳಸುವವರಿಗೆ ಅದರಿಂದ ಅಪಾಯವಿಲ್ಲವೇ?

ದೀಪಾವಳಿಯ ಮಣ್ಣಿನ ಹಣತೆಯನ್ನೇ ತೆಗೆದುಕೊಳ್ಳಬಹುದು. ಅದು ಕೆಲವೇ ರೂಪಾಯಿಗಳ ವಸ್ತು. ಆದರೂ ಚೆನ್ನಾಗಿ ಸುಟ್ಟ ಹಣತೆಗೂ ಅರೆಬೆಂದ ಹಣತೆಗೂ ಅಂತರವಿದೆ. ಅರೆಬೆಂದದ್ದು ಎಣ್ಣೆಯನ್ನು ಹೀರಿ ನೆಲದ ಮೇಲೆ ಜಿಡ್ಡಿನ ಕಲೆ ಬಿಡುತ್ತದೆ, ಬತ್ತಿ ಬೇಗ ನಂದುತ್ತದೆ. ಚೆನ್ನಾಗಿ ಬೆಂದದ್ದನ್ನು ತೊಳೆದಿಟ್ಟು ಮರುವರ್ಷವೂ ಬಳಸಬಹುದು. ಇಲ್ಲಿ ಗುಣಮಟ್ಟವನ್ನು ನಿರ್ಧರಿಸಿದ್ದು ಬೆಲೆಯಲ್ಲ, ಕುಂಬಾರರ ಆವಿಗೆಯ ಶಾಖ. ಇದಕ್ಕೆ ವ್ಯತಿರಿಕ್ತವಾಗಿ, ಸಾವಿರಾರು ರೂಪಾಯಿಯ ಉಪಕರಣವೊಂದರ ಬಿಡಿಭಾಗಗಳು ಎಲ್ಲಿಯೂ ದೊರೆಯದಿದ್ದರೆ ಅದನ್ನು ಗುಣಮಟ್ಟದ್ದೆಂದು ಕರೆಯಲಾಗದು.

ಒಳ್ಳೆಯ ಸರಕು ಸೋಲುವುದೇಕೆ?

ಒಳ್ಳೆಯ ಸರಕು ಕಣ್ಣೆದುರಿಗೇ ಇದ್ದರೂ ಗ್ರಾಹಕರು ಅಗ್ಗದ ಸರಕನ್ನೇ ಆರಿಸುವುದೇಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರವು ಸ್ಪಷ್ಟವಾದ ಉತ್ತರ ನೀಡಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಬಳಸಿದರು. ಮಾರುವವನಿಗೆ ಕಾರಿನ ನಿಜಸ್ಥಿತಿ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾಗದ ಗ್ರಾಹಕ ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನಿಗೆ ಗಿಟ್ಟುವುದಿಲ್ಲ. ಅವನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಕ್ರಮೇಣ ಕಣದಲ್ಲಿ ಕೆಟ್ಟ ಸರಕೇ ಉಳಿಯುತ್ತದೆ. ಮಾಹಿತಿಯ ಅಸಮಾನತೆಯಿರುವ ಮಾರುಕಟ್ಟೆಗಳ ಅಧ್ಯಯನಕ್ಕಾಗಿ ಅಕರ್ಲಾಫ್ ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್ ಹಾಗೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಹಬ್ಬದ ಪೇಟೆಯಲ್ಲಿ ಈ ತತ್ವವು ಇನ್ನಷ್ಟು ತೀವ್ರವಾಗಿ ಕೆಲಸ ಮಾಡುತ್ತದೆ. ಜನಸಂದಣಿಯಲ್ಲಿ ಗ್ರಾಹಕರಿಗೆ ವಸ್ತುವನ್ನು ಪರೀಕ್ಷಿಸುವ ವ್ಯವಧಾನವಿರುವುದಿಲ್ಲ. ಮಾರಾಟಗಾರರಿಗೆ ವಿವರಿಸುವ ಸಮಯವಿರುವುದಿಲ್ಲ. ಕಣ್ಣಿಗೆ ಕಾಣುವುದು ಬೆಲೆಯ ಚೀಟಿ ಮಾತ್ರ. ಹೀಗಾಗಿ ಅಗ್ಗವೆಂದು ಮುಗ್ಗಲು ಜೋಳ ಕೊಂಡ ಸ್ಥಿತಿ ಗ್ರಾಹಕರದ್ದಾಗುತ್ತದೆ. ಅವರು ಮರುವರ್ಷ ಅದೇ ಅಂಗಡಿಗೆ ಬರಲು ಹಿಂಜರಿಯುತ್ತಾರೆ. ಅಂದರೆ ಕೆಟ್ಟ ಸರಕಿನ ಹಾವಳಿಗೆ ಗ್ರಾಹಕರ ಅಜ್ಞಾನವೊಂದೇ ಕಾರಣವಲ್ಲ. ಒಳ್ಳೆಯದನ್ನು ಗುರುತಿಸುವ ಸಾಧನವನ್ನು ಮಾರುಕಟ್ಟೆ ಒದಗಿಸದಿರುವುದೂ ಕಾರಣ.

ಒರೆಗಲ್ಲಿನಿಂದ ಹಾಲ್‌ಮಾರ್ಕ್‌ವರೆಗೆ

ಈ ಸಾಧನ ದೊರೆತಾಗ ಏನಾಗುವುದೆಂಬುದಕ್ಕೆ ಚಿನ್ನದ ವ್ಯಾಪಾರವು ಉತ್ತಮ ನಿದರ್ಶನ. ಒರೆಗಲ್ಲಿನ ಮೇಲೆ ಉಜ್ಜಿ ಚಿನ್ನದ ಶುದ್ಧತೆಯನ್ನು ಅಂದಾಜಿಸುವುದು ಅನುಭವಿಗಳ ಕೆಲಸ. ಸಾಮಾನ್ಯ ಗ್ರಾಹಕರಿಗೆ ಅದು ಸಾಧ್ಯವಿರಲಿಲ್ಲ. ಭಾರತೀಯ ಮಾನಕ ಬ್ಯೂರೋ 2000ನೇ ಇಸವಿಯಲ್ಲಿ ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಯೋಜನೆಯನ್ನು ಐಚ್ಛಿಕವಾಗಿ ಆರಂಭಿಸಿತು. 2021ರ ಜೂನ್ 16ರಿಂದ ಮೊದಲ ಹಂತದಲ್ಲಿ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ವಿಶಿಷ್ಟ ಗುರುತುಸಂಖ್ಯೆ ಇರುವ ಹಾಲ್‌ಮಾರ್ಕ್ ಆಭರಣಗಳನ್ನಷ್ಟೇ ಮಾರಬೇಕೆಂಬ ನಿಯಮ ಬಂದಿತು. ಬ್ಯೂರೋದ ಮುದ್ರೆ, 22 ಕ್ಯಾರೆಟ್ಟಿಗೆ 916 ಎಂಬಂತೆ ಶುದ್ಧತೆಯ ಅಂಕಿ ಹಾಗೂ ಈ ಗುರುತುಸಂಖ್ಯೆ ಎಂಬ ಮೂರು ಚಿಹ್ನೆಗಳನ್ನು ಈಗ ಯಾರು ಬೇಕಾದರೂ ನೋಡಬಹುದು. ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿ ಪರಿಶೀಲಿಸಲೂಬಹುದು.

ಈ ವ್ಯವಸ್ಥೆ ಸಣ್ಣ ಆಭರಣ ವರ್ತಕರಿಗೆ ಹೊರೆಯೆಂಬ ಆಕ್ಷೇಪ ಆರಂಭದಲ್ಲಿ ಕೇಳಿಬಂದಿತ್ತು. ಆದರೆ ಅದರ ಇನ್ನೊಂದು ಮುಖವೂ ಗಮನಾರ್ಹ. ಮಹಾನಗರದ ದೊಡ್ಡ ಮಳಿಗೆಯ ಹೆಸರಿಗೆ ಮಾತ್ರ ಸಲ್ಲುತ್ತಿದ್ದ ನಂಬಿಕೆಯು, ಅದೇ ಮುದ್ರೆಯನ್ನು ಹೊತ್ತ ಸಣ್ಣ ಪಟ್ಟಣದ ಅಂಗಡಿಯ ಆಭರಣಕ್ಕೂ ಈಗ ಸಲ್ಲುತ್ತದೆ. ಹಗುರವಾದ ಮೂರು ಆಭರಣಗಳ ಬದಲು ಶುದ್ಧತೆ ದೃಢಪಟ್ಟ ಒಂದೇ ಆಭರಣವನ್ನು ಧೈರ್ಯದಿಂದ ಕೊಳ್ಳಲು ಗ್ರಾಹಕರಿಗೂ ಅನುವಾಗಿದೆ.

ರೇಷ್ಮೆಯಲ್ಲಿಯೂ ಇದೇ ಪಾಠವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ ಸ್ಥಾಪನೆಗೊಂಡ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯು ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಅಲ್ಲಿನ ಸೀರೆಯ ರೇಷ್ಮೆ ಅಪ್ಪಟ, ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ ಹಾಗೂ ಶೇ. 0.65ರಷ್ಟು ಚಿನ್ನವಿರುತ್ತದೆ. ನಕಲು ತಡೆಗಟ್ಟಲು ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆ ನೀಡಲಾಗುತ್ತದೆ. ಹಬ್ಬದ ವೇಳೆ ಈ ಸೀರೆಗಳಿಗಾಗಿ ಗ್ರಾಹಕರು ನಸುಕಿನಲ್ಲಿಯೇ ಸಾಲುಗಟ್ಟಿ ನಿಂತದ್ದೂ ಉಂಟು. ಹತ್ತಾರು ಸಾವಿರ ರೂಪಾಯಿ ಬೆಲೆಯ ಸೀರೆಗೆ ಸಾಲು ಏರ್ಪಡುವುದು ರಿಯಾಯಿತಿಯ ಆಕರ್ಷಣೆಯಿಂದಲ್ಲ, ಒಳಗೇನಿದೆ ಎಂಬುದು ಖಚಿತವಾಗಿ ತಿಳಿದಿರುವುದರಿಂದ.

ಖಾಸಗಿ ವರ್ತಕರಿಗೂ ನೇಕಾರರಿಗೂ ಕೇಂದ್ರ ರೇಷ್ಮೆ ಮಂಡಳಿಯ ಪ್ರೋತ್ಸಾಹದಿಂದ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ವ್ಯವಸ್ಥೆ ಲಭ್ಯವಿದೆ. ಅಂಗಡಿಯಲ್ಲೇ ಮಾಡಿತೋರಿಸಬಹುದಾದ ಸರಳ ಪರೀಕ್ಷೆಯೊಂದೂ ಇದೆ. ಸೀರೆಯ ಅಂಚಿನಿಂದ ಎಳೆಯೊಂದನ್ನು ತೆಗೆದು ಸುಟ್ಟರೆ ಅಪ್ಪಟ ರೇಷ್ಮೆಯು ಕೂದಲು ಸುಟ್ಟ ವಾಸನೆ ಬೀರಿ, ಬೆರಳಿನಲ್ಲಿ ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಎಳೆಯು ಕರಗಿ ಗಟ್ಟಿಯಾದ ಮಣಿಯಂತಾಗುತ್ತದೆ. ಗ್ರಾಹಕರ ಎದುರು ಈ ಪರೀಕ್ಷೆ ಮಾಡುವ ವರ್ತಕರಿಗೆ ಬೇರೆ ಜಾಹೀರಾತು ಬೇಕಾಗುವುದಿಲ್ಲ.

ಚನ್ನಪಟ್ಟಣದ ಪಾಠ

ನವರಾತ್ರಿಯ ಬೊಂಬೆ ಜೋಡಣೆಗೆ ಹೆಸರಾದ ಚನ್ನಪಟ್ಟಣದ ಆಟಿಕೆಗಳ ಇತಿಹಾಸವು ಗುಣಮಟ್ಟದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಹಾಲೆ ಮರದ ಮೃದುವಾದ ಕಟ್ಟಿಗೆಯನ್ನು ಒಣಗಿಸಿ, ಕಡೆಯುವ ಯಂತ್ರದಲ್ಲಿ ಆಕಾರ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಸಸ್ಯಮೂಲದ ಬಣ್ಣಗಳನ್ನು ಬಳಸಿದ ಆಟಿಕೆಯನ್ನು ಮಗು ಬಾಯಿಗಿಟ್ಟುಕೊಂಡರೂ ಆತಂಕವಿಲ್ಲ.

ಇಷ್ಟೆಲ್ಲ ಗುಣಗಳಿದ್ದರೂ 2000ದ ದಶಕದಲ್ಲಿ ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆಗಳು ಪೇಟೆಯನ್ನು ತುಂಬಿದಾಗ ಚನ್ನಪಟ್ಟಣದ ಕುಶಲಕರ್ಮಿಗಳು ಕಷ್ಟಕ್ಕೆ ಸಿಲುಕಿದರು. ಒಂದು ಮರದ ಆಟಿಕೆಯ ಬೆಲೆಗೆ ನಾಲ್ಕು ಪ್ಲಾಸ್ಟಿಕ್ ಆಟಿಕೆಗಳು ದೊರೆಯುತ್ತಿದ್ದರೆ, ಬಣ್ಣದಲ್ಲಿ ಏನಿದೆ ಎಂಬುದನ್ನು ತಿಳಿಯಲಾಗದ ಪೋಷಕರು ನಾಲ್ಕನ್ನೇ ಆರಿಸುವುದು ಅಸಹಜವಲ್ಲ. ಅಕರ್ಲಾಫ್ ವಿವರಿಸಿದ ಸ್ಥಿತಿಯೇ ಇಲ್ಲಿಯೂ ಕಾಣುತ್ತದೆ.

ಪರಿಸ್ಥಿತಿ ಸುಧಾರಿಸಲು ಹಲವು ಕಡೆಗಳಿಂದ ಆಸರೆ ಬೇಕಾಯಿತು. 1999ರ ಕಾಯಿದೆಯನ್ವಯ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದು, ಸುರಕ್ಷತಾ ಮಾನದಂಡಕ್ಕೆ ಒಳಪಡದ ಆಟಿಕೆಗಳ ಮಾರಾಟಕ್ಕೆ ತಡೆಯೊಡ್ಡಿತು. ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ನೀಡಲಾಯಿತು. ಒಳ್ಳೆಯ ವಸ್ತುವನ್ನು ತಯಾರಿಸಿದರೆ ಸಾಲದು, ಅದು ಒಳ್ಳೆಯದೆಂದು ಕೊಳ್ಳುವವರಿಗೆ ತಿಳಿಯುವ ವ್ಯವಸ್ಥೆಯೂ ಇರಬೇಕು ಎಂಬುದೇ ಚನ್ನಪಟ್ಟಣದ ಪಾಠ.

ಗ್ರಾಹಕರ ಲೆಕ್ಕ: ವರ್ಷವೊಂದಕ್ಕೆ ತಗಲುವ ವೆಚ್ಚ

ಮುದ್ರೆಯಿಂದ ನಂಬಿಕೆ ಹುಟ್ಟುತ್ತದೆ. ಆದರೆ ಕೊಳ್ಳುವ ನಿರ್ಧಾರಕ್ಕೆ ಲೆಕ್ಕವೂ ಬೇಕು. ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿದಾಗ ವಸ್ತುವಿನ ನಿಜವಾದ ವೆಚ್ಚ ತಿಳಿಯುತ್ತದೆ.

ಪಾದರಕ್ಷೆಯನ್ನು ಗಮನಿಸಬಹುದು. ಕೊಲ್ಹಾಪುರಿ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಹಾಗೂ ವಿಜಯಪುರ ಜಿಲ್ಲೆಗಳಿಗೂ ಅನ್ವಯಿಸುತ್ತದೆ. ಅಥಣಿ, ನಿಪ್ಪಾಣಿ ಭಾಗಗಳಲ್ಲಿ ಸಸ್ಯಮೂಲದ ಪದಾರ್ಥಗಳಿಂದ ಹದಗೊಳಿಸಿದ ತೊಗಲನ್ನು ಮೊಳೆಯಿಲ್ಲದೆ ಕೈಯಿಂದ ಹೊಲಿದು ಈ ಚಪ್ಪಲಿಗಳನ್ನು ತಯಾರಿಸುತ್ತಾರೆ. ಇಂತಹ ಒಂದು ಜೊತೆಯ ಬೆಲೆ 1,200 ರೂಪಾಯಿ, ಬಾಳಿಕೆ ಮೂರು ವರ್ಷ, ನಡುವೆ ಎರಡು ಬಾರಿಯ ಹೊಲಿಗೆಗೆ 200 ರೂಪಾಯಿ ಎಂದು ಭಾವಿಸೋಣ. ಒಟ್ಟು 1,400 ರೂಪಾಯಿ, ವರ್ಷಕ್ಕೆ ಸುಮಾರು 467 ರೂಪಾಯಿ. 400 ರೂಪಾಯಿಯ ಅಗ್ಗದ ಜೊತೆಯೊಂದು ಆರು ತಿಂಗಳು ಬಾಳಿದರೆ ಮೂರು ವರ್ಷಕ್ಕೆ ಆರು ಜೊತೆ ಬೇಕು. ಒಟ್ಟು 2,400 ರೂಪಾಯಿ, ವರ್ಷಕ್ಕೆ 800 ರೂಪಾಯಿ. ಅಗ್ಗದ ವಸ್ತುವೇ ಇಲ್ಲಿ ದುಬಾರಿಯಾಯಿತು. ಆದರೆ ತೊಗಲಿನ ಚಪ್ಪಲಿಯನ್ನು ನೀರಿನಿಂದ ದೂರವಿಡಬೇಕು, ಮಳೆಗಾಲಕ್ಕೆ ಅದು ತಕ್ಕದ್ದಲ್ಲ ಎಂಬುದನ್ನೂ ಮಾರುವವರು ಹೇಳಬೇಕು. ಹೇಳದಿದ್ದರೆ ಮೂರು ವರ್ಷದ ಲೆಕ್ಕ ಒಂದೇ ಮಳೆಗಾಲದಲ್ಲಿ ತಲೆಕೆಳಗಾಗುತ್ತದೆ.

ವಿದ್ಯುತ್ ಫ್ಯಾನಿನದು ಇನ್ನೊಂದು ಬಗೆಯ ಲೆಕ್ಕ. ಸಾಮಾನ್ಯ ಹಳೆಯ ಮಾದರಿಯ ಫ್ಯಾನು ಸುಮಾರು 75 ವಾಟ್ ಬಳಸಿದರೆ, ಬಿಎಲ್‌ಡಿಸಿ ಮೋಟಾರಿನ ಫ್ಯಾನು ಸುಮಾರು 30 ವಾಟ್ ಬಳಸುತ್ತದೆ. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದರೆ 162 ಯೂನಿಟ್ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 972 ರೂಪಾಯಿ. ಎರಡು ಫ್ಯಾನುಗಳ ಬೆಲೆಯ ಅಂತರ 1,400 ರೂಪಾಯಿ ಇದ್ದರೆ ಸುಮಾರು ಒಂದೂವರೆ ವರ್ಷದಲ್ಲಿ ಅದು ತೀರುತ್ತದೆ. ಆದರೆ ಗೃಹಜ್ಯೋತಿ ಯೋಜನೆಯಿಂದಾಗಿ ವಿದ್ಯುತ್ ಬಿಲ್ಲು ಶೂನ್ಯವಾಗಿರುವ ಮನೆಗೆ ಈ ಹಣದ ಲೆಕ್ಕ ಅನ್ವಯಿಸದು. ಅಂತಹ ಗ್ರಾಹಕರಿಗೆ ಉಳಿತಾಯದ ಆಸೆ ತೋರಿಸಿ ಮಾರುವುದು ನ್ಯಾಯವಲ್ಲ. ಅಂಗಡಿ, ಹೋಟೆಲ್, ಕಾರ್ಯಾಗಾರಗಳಿಗಾದರೆ ಲೆಕ್ಕ ಇನ್ನೂ ಅನುಕೂಲಕರ.

ಈ ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ. ದಿನಗೂಲಿ ಕುಟುಂಬಕ್ಕೆ 1,200 ರೂಪಾಯಿಯ ಚಪ್ಪಲಿ ಲಾಭದಾಯಕವೆಂದು ತಿಳಿದರೂ ಆ ಮೊತ್ತವನ್ನು ಒಮ್ಮೆಗೇ ಹೊಂದಿಸುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಅವರ ಪಾಲಿಗೆ ಬುದ್ಧಿವಾದವಲ್ಲ, ಅನಿವಾರ್ಯತೆ. ಪರಿಚಿತ ಗ್ರಾಹಕರಿಗೆ ಎರಡು ಕಂತುಗಳಲ್ಲಿ ಪಾವತಿಸಲು ಅವಕಾಶ ನೀಡುವುದು, ಇಲ್ಲವೇ ಮುಂಗಡ ಪಡೆದು ಸರಕನ್ನು ಹಬ್ಬದವರೆಗೆ ತೆಗೆದಿರಿಸುವುದು ಇಂತಹ ಕಡೆ ಸಣ್ಣ ವರ್ತಕರಿಗೆ ಸಾಧ್ಯವಿರುವ ಉಪಾಯಗಳು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯೂ ಈ ದಿಕ್ಕಿನಲ್ಲಿ ಗಮನಾರ್ಹ. ಅದಕ್ಕೆ ಮುನ್ನ ಜೊತೆಗೆ 1,000 ರೂಪಾಯಿ ಮೀರಿದ ಪಾದರಕ್ಷೆಗೆ ಶೇ. 18ರ ತೆರಿಗೆಯಿತ್ತು, ಅದೇ ಬೆಲೆಯನ್ನು ಮೀರಿದ ಸಿದ್ಧ ಉಡುಪಿಗೆ ಶೇ. 12ರ ತೆರಿಗೆಯಿತ್ತು. ಈ ಬದಲಾವಣೆಯಿಂದ 2,500 ರೂಪಾಯಿವರೆಗಿನ ಪಾದರಕ್ಷೆ ಮತ್ತು ಸಿದ್ಧ ಉಡುಪುಗಳಿಗೆ ಶೇ. 5ರ ದರ ಅನ್ವಯವಾಯಿತು. ಅಂದರೆ ಬಾಳಿಕೆ ಬರುವ ಮಧ್ಯಮ ಬೆಲೆಯ ಸರಕಿಗೆ ಅನುಕೂಲವಾಯಿತು. 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಶೇ. 18ರ ದರವಿರುವುದರಿಂದ ಬೆಲೆ ನಿಗದಿಪಡಿಸುವಾಗ ಎಚ್ಚರ ಅಗತ್ಯ.

ವರ್ತಕರ ಲೆಕ್ಕ: ಲಾಭವೂ ಅಪಾಯವೂ

ಗ್ರಾಹಕರಿಗೆ ಲಾಭವಾದರೆ ಅಂಗಡಿಗೆ ಏನು ಉಳಿಯುವುದು ಎಂಬ ಪ್ರಶ್ನೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಪರಿಶೀಲಿಸಬಹುದು.

ಮೊದಲನೆಯ ಅಂಗಡಿಯು 800 ರೂಪಾಯಿಯ 100 ಸೀರೆಗಳನ್ನು ಮಾರುತ್ತದೆ. ಪ್ರತಿ ಸೀರೆಯ ಖರೀದಿ ಬೆಲೆ 640, ಲಾಭ 160, ಒಟ್ಟು ಲಾಭ 16,000 ರೂಪಾಯಿ. ಬಣ್ಣ ಬಿಟ್ಟಿತು, ಜರಿ ಕಪ್ಪಾಯಿತು ಎಂದು ಎಂಟು ಸೀರೆಗಳು ಹಿಂದಿರುಗಿ ಬದಲಿ ಕೊಡಬೇಕಾಗಿ ಬಂದರೆ 5,120 ರೂಪಾಯಿ ನಷ್ಟ. ಉಳಿಯುವುದು 10,880 ರೂಪಾಯಿ.

ಎರಡನೆಯ ಅಂಗಡಿಯು 2,400 ರೂಪಾಯಿಯ 40 ಸೀರೆಗಳನ್ನು ಮಾರುತ್ತದೆ. ಖರೀದಿ ಬೆಲೆ 1,920, ಲಾಭ 480, ಒಟ್ಟು 19,200 ರೂಪಾಯಿ. ಒಂದು ಸೀರೆ ಹಿಂದಿರುಗಿದರೂ 17,280 ರೂಪಾಯಿ ಉಳಿಯುತ್ತದೆ. ಬಿಚ್ಚಿ ತೋರಿಸುವ, ಮಡಿಸುವ, ಸಾಗಿಸುವ ಶ್ರಮವೂ ಕಡಿಮೆ.

ಆದರೆ ಎರಡನೆಯ ದಾರಿಯಲ್ಲಿ ಅಪಾಯವಿಲ್ಲವೆಂದು ತಿಳಿಯಬಾರದು. ಮೊದಲನೆಯ ಅಂಗಡಿಯ ದಾಸ್ತಾನಿಗೆ 64,000 ರೂಪಾಯಿ ಬೇಕಾದರೆ ಎರಡನೆಯದಕ್ಕೆ 76,800 ರೂಪಾಯಿ ಬೇಕು. 40ರಲ್ಲಿ 10 ಸೀರೆಗಳು ಮಾರಾಟವಾಗದೆ ಉಳಿದರೆ ಲಾಭ 14,400ಕ್ಕೆ ಇಳಿಯುತ್ತದೆ ಮತ್ತು 19,200 ರೂಪಾಯಿ ಬಂಡವಾಳ ಕಪಾಟಿನಲ್ಲಿ ಸಿಲುಕುತ್ತದೆ. ಆ ಹಣವನ್ನು ಸಾಲವಾಗಿ ತಂದಿದ್ದರೆ ಬಡ್ಡಿಯೂ ಸೇರುತ್ತದೆ. ಆದಕಾರಣ ಗುಣಮಟ್ಟದ ಸರಕನ್ನು ಒಮ್ಮೆಗೇ ರಾಶಿ ಹಾಕದೆ, ಕಡಿಮೆ ದಾಸ್ತಾನು ಇರಿಸಿಕೊಂಡು ಬೇಡಿಕೆ ಕಂಡಂತೆ ಮತ್ತೆ ತರಿಸುವ ಒಪ್ಪಂದವನ್ನು ನೇಕಾರರೊಡನೆ ಮುಂಚಿತವಾಗಿ ಮಾಡಿಕೊಳ್ಳುವುದು ಕ್ಷೇಮ. ಎಲ್ಲ ಗ್ರಾಹಕರಿಗೂ ಇದೊಂದೇ ಸರಕು ಸಲ್ಲದಾದ್ದರಿಂದ, ಮೊದಲ ವರ್ಷ ದಾಸ್ತಾನಿನ ನಾಲ್ಕನೆಯ ಒಂದು ಭಾಗವನ್ನಷ್ಟೇ ಈ ದಾರಿಗೆ ತಿರುಗಿಸಿ ಫಲಿತಾಂಶ ನೋಡುವುದು ಒಳ್ಳೆಯದು.

ವರ್ತಕರು ಮತ್ತು ಕೈಗಾರಿಕೋದ್ಯಮಿಗಳು ಹಬ್ಬದಲ್ಲಿ ಸ್ವತಃ ಗ್ರಾಹಕರೂ ಹೌದು. ಆಯುಧಪೂಜೆ, ದೀಪಾವಳಿಗಳಲ್ಲಿ ನೌಕರರಿಗೆ ನೀಡುವ ಉಡುಗೊರೆಯಲ್ಲಿಯೂ ಇದೇ ವಿವೇಚನೆ ಸಲ್ಲುತ್ತದೆ. ಬೇಗ ಮೂಲೆ ಸೇರುವ ನಾಲ್ಕು ವಸ್ತುಗಳ ಪೊಟ್ಟಣಕ್ಕಿಂತ ಮನೆಯಲ್ಲಿ ಹತ್ತು ವರ್ಷ ಬಳಕೆಯಾಗುವ ಒಂದು ಗಟ್ಟಿಯಾದ ಪಾತ್ರೆ ಕೊಟ್ಟವರನ್ನು ಹೆಚ್ಚು ಕಾಲ ನೆನಪಿಸುತ್ತದೆ.

ಸಣ್ಣ ಉತ್ಪಾದಕರ ಹೊಣೆ

ಗುಣಮಟ್ಟ ಹದಗೆಡುವುದು ಬಹುಮಟ್ಟಿಗೆ ಹಬ್ಬಕ್ಕೆ ಮುಂಚಿನ ಕೊನೆಯ ಎರಡು ವಾರಗಳಲ್ಲಿ. ಬೇಡಿಕೆ ಏರಿದೊಡನೆ ಅನುಭವವಿಲ್ಲದ ಕೆಲಸಗಾರರನ್ನು ಸೇರಿಸಿಕೊಳ್ಳುವುದು, ಬಣ್ಣ ಒಣಗುವ ಅವಧಿಯನ್ನು ಕಡಿತಗೊಳಿಸುವುದು, ಸಿಕ್ಕಿದ ಕಚ್ಚಾಮಾಲನ್ನೇ ಬಳಸುವುದು ಸಾಮಾನ್ಯ. ಇದರಿಂದ ವರ್ಷವಿಡೀ ಗಳಿಸಿದ ಹೆಸರು ಹದಿನೈದು ದಿನಗಳಲ್ಲಿ ಹಾಳಾಗುತ್ತದೆ. ತಯಾರಿಸಬಲ್ಲಷ್ಟು ಪ್ರಮಾಣವನ್ನು ಮುಂಚಿತವಾಗಿ ನಿರ್ಧರಿಸಿ, ಅದನ್ನು ಮೀರಿದ ಬೇಡಿಕೆಯನ್ನು ವಿನಯದಿಂದ ನಿರಾಕರಿಸುವ ಧೈರ್ಯ ಉತ್ಪಾದಕರಿಗೆ ಬೇಕು.

ಮಾನ್ಯತೆಯ ವಿಷಯದಲ್ಲಿಯೂ ಉದಾಸೀನ ಸಲ್ಲದು. ಇಳಕಲ್ ಸೀರೆಯನ್ನೇ ಗಮನಿಸಿದರೆ, ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕೌಶಲವೇ ಅದರ ವೈಶಿಷ್ಟ್ಯ. ವಿದ್ಯುತ್ ಮಗ್ಗದ ನಕಲುಗಳು ಅದೇ ಹೆಸರಿನಲ್ಲಿ ಪೇಟೆಗೆ ಬರುತ್ತವೆ. ಊರಿಗೆ ಭೌಗೋಳಿಕ ಸೂಚಕ ದೊರೆತಿದೆ ಎಂದಮಾತ್ರಕ್ಕೆ ಅಲ್ಲಿನ ಪ್ರತಿ ಉತ್ಪಾದಕರಿಗೂ ಅದರ ರಕ್ಷಣೆ ತಾನಾಗಿಯೇ ದೊರೆಯುವುದಿಲ್ಲ. ಕಾಯಿದೆಯ ಪ್ರಕಾರ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಇತರ ಸಣ್ಣ ಉದ್ಯಮಗಳಿಗೆ, ದೋಷರಹಿತ ಉತ್ಪಾದನೆಯನ್ನು ಉತ್ತೇಜಿಸಲು ಕೇಂದ್ರ ಸರ್ಕಾರ ರೂಪಿಸಿ 2022ರಲ್ಲಿ ಪರಿಷ್ಕರಿಸಿದ ಝೆಡ್ ಪ್ರಮಾಣಪತ್ರ ಯೋಜನೆ ನೆರವಾಗಬಲ್ಲದು. ಅದರಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮಟ್ಟಗಳಿವೆ.

ಇಲ್ಲಿ ವರ್ತಕರ ಕರ್ತವ್ಯವೂ ಇದೆ. ನೇಕಾರರಿಗೋ ಕುಶಲಕರ್ಮಿಗಳಿಗೋ ಹಣ ಸಲ್ಲಿಸಲು ತಿಂಗಳುಗಟ್ಟಲೆ ತಡಮಾಡಿದರೆ ಅವರು ಮುಂದಿನ ಬಾರಿ ಅಗ್ಗದ ನೂಲನ್ನೇ ಕೊಳ್ಳಬೇಕಾಗುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು ವಿಧಿಸುತ್ತದೆ. ಸಕಾಲದ ಪಾವತಿಯೂ ಗುಣಮಟ್ಟದ ಒಂದು ಅಂಗವೇ ಸರಿ.

ಮಾರಾಟದ ನಂತರದ ಹೊಣೆ

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಹಲವು ಹಳೆಯ ರೂಢಿಗಳನ್ನು ಬದಲಿಸಿದೆ. ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಫಲಕ ಇಂದಿಗೂ ಅನೇಕ ಅಂಗಡಿಗಳಲ್ಲಿ ಕಾಣುತ್ತದೆ. ಆದರೆ ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಈ ಕಾಯಿದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ನೀಡದಿರುವುದೂ ಹಾಗೆಯೇ. ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ಉತ್ಪಾದಕರೊಡನೆ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಯಾಗುತ್ತಾರೆ. ಅಗ್ಗದ ಸರಕನ್ನು ರಾಶಿಯಾಗಿ ಮಾರುವವರಿಗೆ ಈ ನಿಯಮಗಳು ಹೊರೆಯಾದರೆ, ಗುಣಮಟ್ಟದ ಸರಕನ್ನು ಮಾರುವವರಿಗೆ ಅವು ಪೈಪೋಟಿಯಲ್ಲಿ ಒದಗಿದ ಆಸರೆ.

ಹಬ್ಬಕ್ಕೆ ಮುನ್ನ ಕೈಗೊಳ್ಳಬಹುದಾದ ಕ್ರಮಗಳು

1. ದಾಸ್ತಾನಿನಲ್ಲಿರುವ ಸರಕುಗಳ ಪೈಕಿ ಕಳೆದ ಹಬ್ಬದಲ್ಲಿ ಹೆಚ್ಚು ದೂರು ಬಂದವುಗಳನ್ನು ಪಟ್ಟಿಮಾಡಿ ಕೈಬಿಡುವುದು.

2. ಬೆಲೆಯ ಚೀಟಿಯಲ್ಲಿ ವಸ್ತುವಿನ ಮೂಲ, ಬಳಸಿದ ಪದಾರ್ಥ ಹಾಗೂ ಆರೈಕೆಯ ವಿಧಾನವನ್ನು ಕನ್ನಡದಲ್ಲಿ ಮುದ್ರಿಸುವುದು.

3. ಹಾಲ್‌ಮಾರ್ಕ್, ಸಿಲ್ಕ್ ಮಾರ್ಕ್, ಐಎಸ್‌ಐ ಮುಂತಾದ ಚಿಹ್ನೆಗಳನ್ನು ಗ್ರಾಹಕರಿಗೆ ತೋರಿಸಿ ವಿವರಿಸಲು ಅಂಗಡಿಯ ನೌಕರರಿಗೆ ತರಬೇತಿ ನೀಡುವುದು.

4. ಬಿಡಿಭಾಗ ಮತ್ತು ದುರಸ್ತಿಯ ವ್ಯವಸ್ಥೆಯಿರುವ ಉಪಕರಣಗಳನ್ನೇ ಆರಿಸುವುದು. ಊರಿನ ದುರಸ್ತಿಗಾರರ ಹೆಸರನ್ನು ಬಿಲ್ಲಿನೊಡನೆ ನೀಡುವುದು.

5. ಬದಲಿ ನೀಡುವ ಅವಧಿಯನ್ನು ಬಿಲ್ಲಿನಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು.

6. ಹಬ್ಬ ಮುಗಿದ ಬಳಿಕ ಮಾರಾಟದ ಮೊತ್ತದೊಡನೆ ಹಿಂದಿರುಗಿದ ಸರಕು ಹಾಗೂ ಮರಳಿ ಬಂದ ಗ್ರಾಹಕರ ಸಂಖ್ಯೆಯನ್ನೂ ಬರೆದಿಡುವುದು.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ದೀಪಾವಳಿಯಂದು ಅನೇಕ ವರ್ತಕರು ಹೊಸ ಲೆಕ್ಕದ ಪುಸ್ತಕಗಳಿಗೆ ಪೂಜೆ ಸಲ್ಲಿಸಿ ವರ್ಷದ ವಹಿವಾಟನ್ನು ಆರಂಭಿಸುತ್ತಾರೆ. ಆ ಪುಸ್ತಕದಲ್ಲಿ ಎಷ್ಟು ಸರಕು ಹೊರಗೆ ಹೋಯಿತು ಎಂಬುದನ್ನು ಬರೆಯುವ ರೂಢಿಯಿದೆ. ಎಷ್ಟು ಸರಕು ದೂರಾಗಿ ಹಿಂದಿರುಗಿತು, ಎಷ್ಟು ಮಂದಿ ಗ್ರಾಹಕರು ಎರಡನೆಯ ಬಾರಿ ಬಂದರು ಎಂಬುದಕ್ಕೂ ಒಂದು ಅಂಕಣವನ್ನು ಮೀಸಲಿಟ್ಟರೆ, ಗುಣಮಟ್ಟವು ಆದರ್ಶದ ಮಾತಾಗಿ ಉಳಿಯದೆ ಪ್ರತಿ ಅಂಗಡಿಯೂ ತಾನೇ ಪರಿಶೀಲಿಸಬಹುದಾದ ಲೆಕ್ಕವಾಗುತ್ತದೆ.